ಬೆಂಗಳೂರಿನ ಕಾಳಗದ ಕಲ್ಲುಗಳು

ಕಾಶಿ ರಾಮೇಶ್ವರಗಳನ್ನು ಕಂಡುಬಂದವರು ನಮ್ಮಲ್ಲಿ ಅನೇಕರುಂಟು. ದೆಹಲಿ ಆಗ್ರಾಗಳ ಕೋಟೆಕೊತ್ತಳಗಳನ್ನು ಸುತ್ತಿ, ಅಲ್ಲಿನ ಒಂದೊಂದು ಬಾಗಿಲಿನ ಹೆಸರನ್ನೂ ತಪ್ಪಿಲ್ಲದೆ ಹೇಳಬಲ್ಲವರೂ ಉಂಟು. ಆದರೆ ಮೂವತ್ತು ವರ್ಷ ಕಾಲ ಬೆಂಗಳೂರಿನ ಕಚೇರಿಗಳಲ್ಲಿ ಉದ್ಯೋಗ ನಡೆಸಿ ವಿಶ್ರಾಂತರಾಗಿರುವ ಗೃಹಸ್ಥರನ್ನು ಕರೆದು, ‘ಸ್ವಾಮಿ, ತಾವು ಈ ಊರಿನ ಕೋಟೆಯೊಳಗೆ ಎಂದಾದರೂ ಕಾಲಿಟ್ಟದ್ದುಂಟೆ?’ ಎಂದು ಕೇಳಿದರೆ, ಹತ್ತು ಮಂದಿಯಲ್ಲಿ ಎಂಟು ಮಂದಿ ಇಲ್ಲವೆಂದೇ ತಲೆಯಾಡಿಸಿಯಾರು. ನಾವೂ ಆ ಎಂಟು ಮಂದಿಯ ಪಂಕ್ತಿಗೆ ಸೇರಿದವರೆ. ಆ ಲೋಪವನ್ನು ಕಳೆದುಕೊಳ್ಳಬೇಕೆಂಬ ಉದ್ದೇಶದಿಂದ, ಇತ್ತೀಚೆಗೆ ಒಂದು ಭಾನುವಾರ, ನಗರದ ಪ್ರೇಕ್ಷಣೀಯ ಸ್ಥಳಗಳನ್ನೂ ಹಿಂದೆ ಯುದ್ಧ ನಡೆದ ಸ್ಥಾನಗಳನ್ನೂ ಒಂದೇ ಹಗಲಿನಲ್ಲಿ ತೋರಿಸುವುದಾಗಿ ಪ್ರಕಟಿಸಿದ್ದ ಒಂದು ಪರ್ಯಟನಕ್ಕೆ ಹಣ ತೆತ್ತು ಹೊರಟೆವು. ಕಂಡದ್ದೆಷ್ಟು, ಕಾಣದೆ ಉಳಿದದ್ದೆಷ್ಟು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ವಾಸ ತಲಘಟ್ಟಪುರ. ಕನಕಪುರದ ಹೆದ್ದಾರಿಯಲ್ಲಿ ಅದೊಂದು ಸಾಮಾನ್ಯ ಹಳ್ಳಿಯಾಗಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. 2021ರ ಜನವರಿಯಿಂದ ಅಲ್ಲಿಗೆ ಮೆಟ್ರೋ ರೈಲು ಬರುತ್ತಿದೆ. ಬೆಳಗ್ಗೆ ಹತ್ತಿ ಕುಳಿತರೆ ಬಂಡಿಯು ಬನಶಂಕರಿ, ಜಯನಗರಗಳ ಮನೆಗಳ ಮೇಲೆ ಹಾಯ್ದು, ಲಾಲ್‌ಬಾಗಿನ ಮರಗಳನ್ನು ಬಲಕ್ಕೆ ಬಿಟ್ಟು, ನ್ಯಾಷನಲ್ ಕಾಲೇಜಿನಿಂದಾಚೆಗೆ ನೆಲದೊಳಗೆ ಇಳಿದು, ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ನಮ್ಮನ್ನು ಇಳಿಸಿತು. ಮೆಟ್ಟಿಲೇರಿ ಮೇಲೆ ಬಂದರೆ ಎದುರಿನಲ್ಲಿಯೇ ಕೋಟೆ. ಪರ್ಯಟನವು ಆರಂಭವಾಗತಕ್ಕ ಸ್ಥಳವೂ ಅದೇ.

ಕೋಟೆಯ ಬಿರುಕು

1537ರಲ್ಲಿ ಕೆಂಪೇಗೌಡನು ಮಣ್ಣಿನಿಂದ ಕಟ್ಟಿಸಿದ ಕೋಟೆಯನ್ನು 1761ರಲ್ಲಿ ಹೈದರಾಲಿಯು ಕಲ್ಲಿನಿಂದ ಬಲಪಡಿಸಿದನೆಂದು ನಮ್ಮ ಮಾರ್ಗದರ್ಶಕನು ಹೇಳಿದನು. ತರುಣನಾದರೂ ಮಾತು ಬಲ್ಲವನು. ಕೋಟೆಯಲ್ಲಿ ಈಗ ಉಳಿದಿರುವುದು ಉತ್ತರದ ದಿಲ್ಲಿ ಬಾಗಿಲೂ ಅದಕ್ಕೆ ಸೇರಿದ ಬುರುಜುಗಳೂ ಮಾತ್ರ. ಉಳಿದ ಪ್ರಾಕಾರವನ್ನು ರಸ್ತೆಗಳೂ ಆಸ್ಪತ್ರೆಗಳೂ ಶಾಲೆಗಳೂ ನುಂಗಿವೆ. ಗೋಡೆಯ ಮೇಲೆ ಇಂಗ್ಲಿಷಿನ ಒಂದು ಫಲಕವಿದೆ. 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿಯು ಈ ಬಿರುಕಿನ ಮೂಲಕ ನಡೆಯಿತೆಂದು ಅದು ಸಾರುತ್ತದೆ.

ಆ ಮಾರ್ಚ್ ತಿಂಗಳ ಕಥೆಯನ್ನು ಬೆಂಗಳೂರಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಮೂರನೆಯ ಮೈಸೂರು ಯುದ್ಧ. ಗವರ್ನರ್ ಜನರಲ್ ಕಾರ್ನ್‌ವಾಲಿಸನು ತಾನೇ ಸೈನ್ಯದ ಮುಂದೆ ನಿಂತು ಬೆಂಗಳೂರಿಗೆ ಬಂದನು. ಮಾರ್ಚ್ 7ರಂದು ಮೊದಲು ಪೇಟೆ ಬಿದ್ದಿತು. ಪೇಟೆಯನ್ನು ಮರಳಿ ಪಡೆಯಲು ಟಿಪ್ಪು ಸುಲ್ತಾನನು ಕಳುಹಿಸಿದ ದಂಡು ಬೀದಿಬೀದಿಗಳಲ್ಲಿ ಹೋರಾಡಿತು. ಆ ಹೋರಾಟದಲ್ಲಿ ಮೈಸೂರಿನ ಕಡೆ ಸತ್ತವರೂ ಗಾಯಪಟ್ಟವರೂ ಎರಡು ಸಾವಿರಕ್ಕೆ ಮಿಕ್ಕವರೆಂದು ಇಂಗ್ಲಿಷರ ಲೆಕ್ಕ. ಮುಂದೆ ಎರಡು ವಾರ ಕೋಟೆಯ ಗೋಡೆಗೆ ಫಿರಂಗಿ ಹೊಡೆದು ಬಿರುಕು ಮಾಡಿ, 21ರ ರಾತ್ರಿ ಬೆಳುದಿಂಗಳಿನಲ್ಲಿ ಲಗ್ಗೆ ಹತ್ತಿದರು. ಕಿಲ್ಲೇದಾರ ಬಹಾದೂರ್ ಖಾನನು ಓಡಿಹೋಗದೆ, ಶರಣೆನ್ನದೆ, ಹೋರಾಡುತ್ತಲೇ ಪ್ರಾಣಬಿಟ್ಟನು. ಅವನ ಶೌರ್ಯವನ್ನು ಶತ್ರುಗಳೂ ಹೊಗಳಿದರು. ಪೇಟೆಯ ಬಾಗಿಲಿನಲ್ಲಿ ಮಡಿದ ಇಂಗ್ಲಿಷ್ ಅಧಿಕಾರಿ ಕರ್ನಲ್ ಮೂರ್‌ಹೌಸನ ಮರಣವನ್ನು ರಾಬರ್ಟ್ ಹೋಮ್ ಎಂಬ ಚಿತ್ರಕಾರನು ದೊಡ್ಡ ಪಟವಾಗಿ ಬರೆದನು.

ಮಾರ್ಗದರ್ಶಕನು ಇಷ್ಟನ್ನೂ ಸೊಗಸಾಗಿ ಹೇಳಿ ಮುಗಿಸಿದ ಮೇಲೆ, ಗುಂಪಿನ ಹಿಂಬದಿಯಲ್ಲಿದ್ದ ಒಬ್ಬ ವೃದ್ಧರು ಮುಂದೆ ಬಂದರು. ಪಂಚೆ, ಬಿಳಿಯ ಅಂಗಿ, ಹೆಗಲಮೇಲೆ ವಲ್ಲಿ. ನೋಡಿದೊಡನೆಯೆ ನಮ್ಮ ಕಡೆಯ ಒಕ್ಕಲು ಮನೆತನದವರೆಂದು ತಿಳಿಯುತ್ತಿತ್ತು.

“ಅಪ್ಪಾ, ಆ ರಾತ್ರಿ ಇಲ್ಲಿ ಸತ್ತವರ ಹೆಸರು ಎಲ್ಲಾದರೂ ಬರೆದಿದೆಯೇನು?” ಎಂದು ಕೇಳಿದರು.

“ಕಿಲ್ಲೇದಾರನ ಹೆಸರು ಹೇಳಿದೆನಲ್ಲ, ತಾತ.”

“ಅವನದಲ್ಲಪ್ಪ, ಮಿಕ್ಕವರದು.”

ತರುಣನು ಒಂದು ಗಳಿಗೆ ಸುಮ್ಮನಿದ್ದು, “ಅಷ್ಟು ಜನರ ಹೆಸರನ್ನು ಯಾರು ಬರೆದಿಡುತ್ತಾರೆ, ತಾತ?” ಎಂದು ನಕ್ಕು, ಎಲ್ಲರನ್ನೂ ಬಂಡಿಯ ಕಡೆಗೆ ನಡೆಸಿದನು. ಆ ಪ್ರಶ್ನೆ ಮಾತ್ರ ದಿನವಿಡೀ ನಮ್ಮ ಬೆನ್ನು ಬಿಡಲಿಲ್ಲ.

ಇಲ್ಲದ ಸ್ತಂಭ, ಇರುವ ಸ್ತಂಭ

1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆಯ ಅರಮನೆಯ ಮರದ ಕಂಬಗಳನ್ನು ನೋಡಿಕೊಂಡು ಹಡ್ಸನ್ ವೃತ್ತದ ಮಾರ್ಗವಾಗಿ ಬಂಡಿ ಸಾಗಿತು. ಪುರಭವನವನ್ನೂ ನಗರ ಪಾಲಿಕೆಯ ಕಟ್ಟಡವನ್ನೂ ಮಾರ್ಗದರ್ಶಕನು ಕೈತೋರಿ ಹೇಳಿದನು. ಆದರೆ ಅಲ್ಲಿಯೇ ಹಿಂದೆ ನಿಂತಿದ್ದ ಒಂದು ಕಂಬದ ಮಾತನ್ನು ಎತ್ತಲಿಲ್ಲ. 1791ರ ಮುತ್ತಿಗೆಯಲ್ಲಿ ಮಡಿದ ತಮ್ಮ ಕಡೆಯವರ ನೆನಪಿಗಾಗಿ ಇಂಗ್ಲಿಷರು ಅಲ್ಲಿ ಸೆನೊಟಾಫ್ ಎಂಬ ಸ್ಮಾರಕವನ್ನು ನಿಲ್ಲಿಸಿದ್ದರು. ಅದರಿಂದಲೇ ಮುಂದಿನ ರಸ್ತೆಗೆ ಸೆನೊಟಾಫ್ ರಸ್ತೆಯೆಂಬ ಹೆಸರು ಬಂದಿತ್ತು. ಗೆದ್ದವರ ಹೆಮ್ಮೆಯ ಆ ಗುರುತು ಸ್ವತಂತ್ರ ದೇಶದ ನಡುಬೀದಿಯಲ್ಲಿ ಇರಕೂಡದೆಂದು ಕನ್ನಡ ಅಭಿಮಾನಿಗಳು ಚಳವಳಿ ಹೂಡಿದರು. 1964ರಲ್ಲಿ ಪಾಲಿಕೆಯವರು ಅದನ್ನು ಕೆಡವಿಸಿದರು. ರಸ್ತೆಗೆ ನೃಪತುಂಗನ ಹೆಸರಾಯಿತು.

ಆ ಕಂಬವು ಹೋದುದಕ್ಕೆ ನಾವು ಕಣ್ಣೀರಿಡುವವರಲ್ಲ. ಪರರು ನಮ್ಮನ್ನು ಗೆದ್ದ ಸುದ್ದಿಯನ್ನು ನಾವೇ ದೀಪ ಹಚ್ಚಿ ಕಾಯಬೇಕೆಂಬ ಧರ್ಮವಿಲ್ಲ. ಆದರೆ ಒಂದು ಮಾತನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ಶತ್ರುವಿನ ಕಲ್ಲನ್ನು ಕಿತ್ತ ಮೇಲೆ, ಅದೇ ಮಾರ್ಚ್ ತಿಂಗಳಲ್ಲಿ ಗೋಡೆಯ ಈಚೆಗೆ ನಿಂತು ಸತ್ತ ನಮ್ಮವರಿಗೆ ಒಂದು ಕಲ್ಲನ್ನು ನಾವು ನಿಲ್ಲಿಸಬೇಕಾಗಿತ್ತಷ್ಟೆ? ಅದು ನಡೆಯಲಿಲ್ಲ. ಗೆದ್ದವರ ಗುರುತೂ ಹೋಯಿತು, ಸೋತವರ ಗುರುತೂ ಮೂಡಲಿಲ್ಲ. ಕೊನೆಗೆ ಆ ಎಡೆಯಲ್ಲಿ ನಿಂತವನಿಗೆ ಅಲ್ಲೊಂದು ಚರಿತ್ರೆಯಿತ್ತೆಂಬುದೇ ತಿಳಿಯದಂತಾಯಿತು. ಕಿತ್ತುಹಾಕುವುದು ಅರ್ಧ ಕೆಲಸ, ನೆಡುವುದು ಉಳಿದರ್ಧ.

ನೆಟ್ಟ ಕಂಬವೂ ಒಂದುಂಟು. ಅವೆನ್ಯೂ ರಸ್ತೆಯು ಕೆಂಪೇಗೌಡ ರಸ್ತೆಯನ್ನು ಕೂಡುವ ಮೈಸೂರು ಬ್ಯಾಂಕ್ ವೃತ್ತದಲ್ಲಿ, 1942ರ ಆಗಸ್ಟ್ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಎದೆಕೊಟ್ಟ ತರುಣರ ನೆನಪಿನ ಹುತಾತ್ಮ ಸ್ತಂಭವಿದೆ. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದಾಗ, ಜನರ ಅನುಮತಿಯಿಲ್ಲದೆ ದೇಶವನ್ನು ಯುದ್ಧಕ್ಕೆ ನೂಕಿದ ಸರ್ಕಾರಕ್ಕೆ ಎದುರಾಗಿ ನಿಂತವರು ಅವರು. ಯುದ್ಧಕಾಲದ ಸ್ಥಳವೆಂದು ಬೆಂಗಳೂರಿನಲ್ಲಿ ಕರೆಯತಕ್ಕುದು ಯಾವುದಾದರೂ ಇದ್ದರೆ ಅದು ಆ ವೃತ್ತ. ನಮ್ಮ ಬಂಡಿಯು ಅತ್ತ ತಿರುಗಲೇ ಇಲ್ಲ. ಪ್ರತಿದಿನವೂ ಸಾವಿರಾರು ಮಂದಿ ಆ ಕಂಬವನ್ನು ಬಳಸಿಕೊಂಡು ಹೋಗುತ್ತಾರೆ. ನಿಂತು ಓದುವವರು ವಿರಳ.

ನಾಯಿಯ ಹೆಸರನ್ನು ಬರೆದ ನಾಡು

ವಿಧಾನಸೌಧದ ಮುಂದೆ ಎಲ್ಲರೂ ಇಳಿದು ಚಿತ್ರ ತೆಗೆಸಿಕೊಂಡುದಾಯಿತು. ಅಲ್ಲಿಂದ ಬಂಡಿಯು ಕಬ್ಬನ್ ಉದ್ಯಾನವನ್ನು ಹೊಕ್ಕು, ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡದ ಮುಂದೆ ನಿಲ್ಲದೆ ಹೋಯಿತು. ಅದು ಹೋದ ವೇಗವನ್ನು ನೋಡಿ ನಮಗೆ ವ್ಯಥೆಯಾಯಿತು. ಏತಕ್ಕೆಂದರೆ, ಆ ವೃದ್ಧರ ಪ್ರಶ್ನೆಗೆ ಉತ್ತರವಿರುವುದು ಆ ಸಂಗ್ರಹಾಲಯಕ್ಕೆ ಸೇರಿದ ಕಲ್ಲುಗಳಲ್ಲಿ.

ಅವುಗಳಲ್ಲಿ ಒಂದು ಆತಕೂರಿನ ಕಲ್ಲು. 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಘೋರಯುದ್ಧವಾಗಿ, ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ, ಬೇಕಾದುದನ್ನು ಕೇಳಿಕೊಳ್ಳೆಂದು ಒಡೆಯನು ಹೇಳಿದಾಗ, ಅವನು ಕೇಳಿಕೊಂಡದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು. ಆ ನಾಯಿಯು ಮುಂದೆ ಒಂದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರನು ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟನು. ಸಾಮ್ರಾಟರ ಯುದ್ಧದ ಸುದ್ದಿಯೂ ನಾಯಿಯ ಹೆಸರೂ ಒಂದೇ ಕಲ್ಲಿನಲ್ಲಿವೆ.

ಇನ್ನೊಂದು ಕಲ್ಲು ನಮ್ಮ ದಕ್ಷಿಣದ ಭಾಗದ್ದೇ. ತಲಘಟ್ಟಪುರದಿಂದ ಪೂರ್ವಕ್ಕೆ ಎರಡು ಮೂರು ಹರಿದಾರಿಯ ಬೇಗೂರಿನಲ್ಲಿ ನಾಗೇಶ್ವರ ದೇವಾಲಯವಿದೆ. ಗಂಗರ ಅಧಿಕಾರಿಯಾದ ನಾಗತ್ತರನ ದಂಡು ಕಾದಾಡಿದ ಚಿತ್ರವನ್ನು ಕುದುರೆ ಆನೆಗಳ ಸಹಿತ ಕಡೆದಿರುವ ಭವ್ಯವಾದ ವೀರಗಲ್ಲು ಬೇಗೂರಿನಿಂದ ಈ ಸಂಗ್ರಹಾಲಯಕ್ಕೆ ಬಂದಿತು. ಆದರೆ ಅದಕ್ಕಿಂತಲೂ ನಮಗೆ ಮುಖ್ಯವಾದ ಸಣ್ಣ ಶಾಸನವೊಂದು ಬೇಗೂರಿನ ದೇವಾಲಯದಲ್ಲಿಯೇ ಇದೆ. ಸುಮಾರು 890ರ ಆ ಬರೆಹವು ‘ಬೆಂಗುಳೂರು ಕಾಳಗ’ವೊಂದನ್ನು ಹೇಳುತ್ತದೆ. ಬೆಂಗಳೂರೆಂಬ ಹೆಸರು ನಮಗೆ ಬರೆಹದಲ್ಲಿ ಮೊದಲು ದೊರೆಯುವುದು ಅದರಲ್ಲಿಯೇ. ಬೆಂದಕಾಳಿನ ಊರೆಂಬ ಕಥೆಯನ್ನು ಮಾರ್ಗದರ್ಶಕರೆಲ್ಲರೂ ಹೇಳುತ್ತಾರೆ. ಆದರೆ ಹೊಯ್ಸಳರ ಬಲ್ಲಾಳನು ಹುಟ್ಟುವುದಕ್ಕೆ ಶತಮಾನಗಳ ಮುಂಚೆಯೇ ಕಲ್ಲಿನಲ್ಲಿ ಊರಿನ ಹೆಸರಿತ್ತು. ಆ ಕಾಳಗದ ಸಂಬಂಧದಲ್ಲಿ ಶಾಸನವು ನಾಗತ್ತರನ ಮಗ ಬುಟ್ಟಣಸೆಟ್ಟಿಯ ಹೆಸರನ್ನು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ನಾಗತ್ತರನ ಮನೆಯ ಆಳಾದ ಪೆರ್ವೊಣಸೆಟ್ಟಿಯ ಹೆಸರನ್ನೂ ಹೇಳುತ್ತದೆ.

ಉತ್ತರಕ್ಕೆ ಹೆಬ್ಬಾಳದಲ್ಲಿ ಇದಕ್ಕೂ ಹಳೆಯ ಸಾಕ್ಷಿಯೊಂದು 2018ರಲ್ಲಿ ಬೆಳಕಿಗೆ ಬಂದಿತು. ಸುಮಾರು 750ರಲ್ಲಿ, ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ, ರಟ್ಟವಾಡಿಯವರ ದಂಡು ಏರಿಬಂದಾಗ ಎದುರಿಸಿ ಮಡಿದ ಕಿತ್ತಯ್ಯನೆಂಬವನ ಕಲ್ಲು ಅದು. ಚರಿತ್ರೆಯ ಪುಸ್ತಕದಲ್ಲಿ ಕಿತ್ತಯ್ಯನಿಗೆ ಸ್ಥಾನವಿಲ್ಲ. ಕಲ್ಲಿನಲ್ಲಿ ಇದೆ.

ಇದನ್ನು ವಾಚಕರು ಸ್ವಲ್ಪ ಮನನ ಮಾಡಬೇಕು. ಈ ಊರಿನ ಹೆಸರನ್ನು ಮೊದಲು ಬರೆದ ಕಲ್ಲು ಊರು ಕಟ್ಟಿದ ದೊರೆಯನ್ನು ಹೊಗಳಿದ ಕಲ್ಲಲ್ಲ; ಊರಿನ ಕಾಳಗದಲ್ಲಿ ಬಿದ್ದವರನ್ನು ನೆನೆದ ಕಲ್ಲು. ದನ ಕಾಯುವಾಗ ಸತ್ತವನಿಗೂ, ಊರ ಹೆಂಗಸರ ಮಾನ ಕಾಯುವಾಗ ಸತ್ತವನಿಗೂ, ಕಳ್ಳರೊಡನೆ ಹೋರಾಡಿ ಸತ್ತವನಿಗೂ ನಮ್ಮ ಹಿರಿಯರು ಕಲ್ಲು ನೆಟ್ಟು ಹೆಸರು ಬರೆದರು. ‘ಅಷ್ಟು ಜನರ ಹೆಸರನ್ನು ಯಾರು ಬರೆದಿಡುತ್ತಾರೆ?’ ಎಂಬ ತರುಣನ ಪ್ರಶ್ನೆಗೆ ಉತ್ತರ ಇದು: ನಾವು ಬರೆದಿಡುತ್ತಿದ್ದೆವು.

ದಂಡಿನಲ್ಲಿ

ಶ್ರೀರಂಗಪಟ್ಟಣದ ಹವೆಯು ಒಗ್ಗದೆ ಇಂಗ್ಲಿಷರು ತಮ್ಮ ಸೈನ್ಯವನ್ನು ಬೆಂಗಳೂರಿಗೆ ತಂದು, 1809ರ ಹೊತ್ತಿಗೆ ಹಲಸೂರಿನ ಬಯಲಿನಲ್ಲಿ ದಂಡನ್ನು ನೆಲೆಗೊಳಿಸಿದರು. ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ ಎಂಬ ಹೆಸರುಗಳೇ ಅದರ ಕಥೆಯನ್ನು ಹೇಳುತ್ತವೆ. ಸೌತ್ ಪೆರೇಡು 1948ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಾಯಿತು. ಕ್ಯಾವಲ್ರಿ ರಸ್ತೆಯು ಕಾಮರಾಜ ರಸ್ತೆಯಾಯಿತು. ಇಲ್ಲಿ ನಮ್ಮ ಮಾರ್ಗದರ್ಶಕನ ಉತ್ಸಾಹವು ಇಮ್ಮಡಿಸಿತು. 1896ರಲ್ಲಿ ಇಲ್ಲಿಗೆ ಬಂದ ಚರ್ಚಿಲ್ ಎಂಬ ತರುಣ ಅಧಿಕಾರಿಯು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ವಿನೋದವನ್ನು ಹೇಳಲು ಅವನು ಕಾಲು ಗಂಟೆಯನ್ನು ತೆಗೆದುಕೊಂಡನು. ಅದೇ ಚರ್ಚಿಲ್ ಮಹಾಶಯನು ಪ್ರಧಾನಿಯಾಗಿದ್ದಾಗ, 1943ರಲ್ಲಿ, ಬಂಗಾಳದ ಲಕ್ಷಾಂತರ ಜನರು ಅನ್ನವಿಲ್ಲದೆ ಸತ್ತರು. ಆ ಬಾಕಿಯ ಲೆಕ್ಕವು ಯಾವ ಕ್ಲಬ್ಬಿನ ಪುಸ್ತಕದಲ್ಲಿಯೂ ಇಲ್ಲ.

ಬ್ರಿಗೇಡ್ ರಸ್ತೆಯು ರೆಸಿಡೆನ್ಸಿ ರಸ್ತೆಯನ್ನು ಸೇರುವ ಕೂಟದಲ್ಲಿ, ವಾಹನಗಳ ಗದ್ದಲದ ನಡುವೆ ಒಂದು ಕಲ್ಲಿನ ಸ್ಮಾರಕವಿದೆ. ಮದ್ರಾಸು ಪಯನಿಯರ್ ದಳಗಳವರಿಗಾಗಿ ಕಟ್ಟಿದ್ದು. ದಾರಿ ಕಡಿಯುವುದು, ಸೇತುವೆ ಹಾಕುವುದು, ಬೇಕಾದಾಗ ಬಂದೂಕು ಹಿಡಿದು ಹೋರಾಡುವುದು, ಇವು ಆ ದಳಗಳ ಕೆಲಸ. 1914ರ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಕ್ಕೂ ಮೆಸೊಪೊಟೇಮಿಯಕ್ಕೂ ಹೋಗಿ ದುಡಿದ ಅವುಗಳನ್ನು, ಕೆಲಸ ಮುಗಿದ ಮೇಲೆ, 1933ರಲ್ಲಿ ವಿಸರ್ಜಿಸಿಬಿಟ್ಟರು.

ಅಲ್ಲಿ ಆ ವೃದ್ಧರು ಬಹಳ ಹೊತ್ತು ನಿಂತರು. ನಾವು ಪಕ್ಕಕ್ಕೆ ಹೋಗಿ, “ಯಜಮಾನರೆ, ಯಾರನ್ನಾದರೂ ಹುಡುಕುತ್ತೀರಾ?” ಎಂದು ಕೇಳಿದೆವು. ಆಗ ತಿಳಿಯಿತು: ಅವರ ತಾತನ ಅಣ್ಣ ಆ ಯುದ್ಧದಲ್ಲಿ ಕೂಲಿಯ ಆಸೆಯಿಂದ ಪಟ್ಟಿಗೆ ಹೆಸರು ಕೊಟ್ಟು ಬಸ್ರಾಕ್ಕೆ ಹೋದವನು, ಮರಳಲಿಲ್ಲ. ಹೋದ ಒಂದು ವರ್ಷಕ್ಕೆ ಮನೆಗೆ ಒಂದು ಕಾಗದ ಬಂದಿತಂತೆ. ಓದಿಹೇಳುವವರಿಲ್ಲದೆ ಅದು ದೇವರ ಗೂಡಿನಲ್ಲಿಯೇ ಇದ್ದು ಗೆದ್ದಲು ಹಿಡಿಯಿತು. “ನಮ್ಮಜ್ಜಿ ಸಾಯುವ ತನಕ ಎಲೆ ಇಡುವಾಗ ಅವನ ಹೆಸರು ಹೇಳಿ ಒಂದು ತುತ್ತು ತೆಗೆದಿಡುತ್ತಿದ್ದಳು ಸ್ವಾಮಿ. ಈಗ ಆ ಹೆಸರು ಗೊತ್ತಿರುವುದು ನನಗೊಬ್ಬನಿಗೆ. ಕಲ್ಲಿನ ಮೇಲೆ ಇದ್ದೀತೇನೋ ಎಂದು ನೋಡಲು ಬಂದೆ.”

ಅವರಿಗೆ ನಾವು ಏನು ಹೇಳೋಣ? ಮೆಸೊಪೊಟೇಮಿಯದಲ್ಲಿ ಸತ್ತವರಿಗಾಗಿ ಬಸ್ರಾದಲ್ಲಿ ಒಂದು ದೊಡ್ಡ ಸ್ಮಾರಕವನ್ನು ಕಟ್ಟಿದರು. ಸಮಾಧಿ ತಿಳಿಯದ ನಲವತ್ತು ಸಾವಿರಕ್ಕೂ ಮಿಕ್ಕವರ ಸ್ಮಾರಕ ಅದು. ಅದರಲ್ಲಿ ಬ್ರಿಟಿಷರ ಅಧಿಕಾರಿಗಳಿಗೂ ಸಾಮಾನ್ಯ ಸೈನಿಕರಿಗೂ ಹೆಸರುಂಟು. ಭಾರತೀಯ ಅಧಿಕಾರಿಗಳಿಗೂ ಹೆಸರುಂಟು. ಭಾರತೀಯ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಹೆಸರಿಲ್ಲ. ಇಂಥ ದಳದಲ್ಲಿ ಇನ್ನು ಇಷ್ಟು ಮಂದಿ ಎಂಬ ಸಂಖ್ಯೆ ಮಾತ್ರ. ಆ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದರು. ಸುಮಾರು 74,000 ಮಂದಿ ಸತ್ತರು. ಸತ್ತವರಲ್ಲಿ ಎಲ್ಲರನ್ನೂ ಸಮಾನವಾಗಿ ಕಾಣುವೆವೆಂದು ಹೇಳಿಕೊಂಡ ಯುದ್ಧಸಮಾಧಿ ಆಯೋಗವು, ಹಾಗೆ ಕಾಣಲಿಲ್ಲವೆಂದು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿ, ಬಿಟ್ಟುಹೋದ ಹೆಸರುಗಳನ್ನು ಹುಡುಕುವ ಕಾರ್ಯವನ್ನು ಕೈಗೊಂಡಿತು. ನೂರು ವರ್ಷದ ಮೇಲೆ ಬಂದ ಕ್ಷಮೆ. ಒಂಬತ್ತನೆಯ ಶತಮಾನದ ಬೇಗೂರಿನ ಕಲ್ಲುಕುಟಿಗನು ಮನೆಯಾಳಿಗೆ ತೋರಿದ ಮರ್ಯಾದೆಯನ್ನು ಇಪ್ಪತ್ತನೆಯ ಶತಮಾನದ ಸಾಮ್ರಾಜ್ಯವು ತನಗಾಗಿ ಪ್ರಾಣತೆತ್ತ ಸಿಪಾಯಿಗೆ ತೋರಲಿಲ್ಲ.

ಕಾಣದೆ ಉಳಿದದ್ದು

ಊಟವಾದ ಮೇಲೆ ಹಲಸೂರು ಕೆರೆಯ ಬಳಿಗೆ ಹೋದೆವು. ಕೆರೆಯ ಸನಿಯದಲ್ಲಿಯೇ ಮದ್ರಾಸು ಇಂಜಿನಿಯರ್ ದಳದವರ ಕೇಂದ್ರವಿದೆ. ಮುಳ್ಳುತಂತಿಯ ಬೇಲಿಯನ್ನು ದೂರದಿಂದಲೇ ಸಿಡಿಸಿ ದಾರಿಮಾಡುವ ಒಂದು ಉದ್ದನೆಯ ಕೊಳವೆಯನ್ನು ಈ ದಳದ ಅಧಿಕಾರಿ ಮೆಕ್ಲಿಂಟಾಕನು 1912ರಲ್ಲಿ ಇಲ್ಲಿಯೇ ರೂಪಿಸಿದನು. ಅದಕ್ಕೆ ‘ಬೆಂಗಳೂರು ಟಾರ್ಪೆಡೊ’ ಎಂದೇ ಹೆಸರು. ಎರಡು ಮಹಾಯುದ್ಧಗಳಲ್ಲಿಯೂ ಅದು ನಡೆಯಿತು. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲಿಯೂ ನಮ್ಮ ಊರಿನ ಹೆಸರು ಸಿಡಿಯಿತು. ಅಲ್ಲಿಂದ ಮುಂದೆ ವಿಮಾನ ಕಾರ್ಖಾನೆಯ ವಸ್ತುಸಂಗ್ರಹಾಲಯ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. 1943ರಿಂದ ಅಮೆರಿಕದ ವಾಯುಸೇನೆಯವರು ತಮ್ಮ ವಿಮಾನಗಳನ್ನು ಇಲ್ಲಿ ದುರಸ್ತಿ ಮಾಡಿಸಿದರು. ಯುದ್ಧವು ಕಲಿಸಿದ ಆ ಕೈಕೆಲಸವೇ ಬೆಂಗಳೂರಿನ ಇಂದಿನ ಯಂತ್ರವಿದ್ಯೆಗೆ ಒಂದು ಬೇರು. ಇದನ್ನು ಮಾರ್ಗದರ್ಶಕನು ಚೆನ್ನಾಗಿಯೇ ವಿವರಿಸಿದನು. ಸಲ್ಲಬೇಕಾದ ಮೆಚ್ಚಿಕೆಯನ್ನು ಸಲ್ಲಿಸುತ್ತೇವೆ.

ಪರ್ಯಟನವು ಅಲ್ಲಿಗೆ ಮುಗಿಯಿತು. ಆದರೆ ಜಯಚಾಮರಾಜೇಂದ್ರ ನಗರದ ಮುನಿರೆಡ್ಡಿಪಾಳ್ಯದ ಬಳಿ ಮೈಸೂರು ಲ್ಯಾನ್ಸರುಗಳ ಸ್ಮಾರಕವೊಂದಿರುವುದನ್ನು ಯಾರೂ ಹೇಳಲಿಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮೇಲೆ, ಒಂದು ಕಡೆ ಬೆಟ್ಟ, ಒಂದು ಕಡೆ ಹೊಳೆ, ಎದುರಿಗೆ ಫಿರಂಗಿ ಮತ್ತು ಯಂತ್ರದ ಬಂದೂಕುಗಳಿರುವಾಗ, ಜೋಧಪುರದ ಮತ್ತು ಮೈಸೂರಿನ ಸವಾರರು ಈಟಿ ಹಿಡಿದು ಕುದುರೆ ನುಗ್ಗಿಸಿದರು. ಜೋಧಪುರದ ಮೇಜರ್ ದಲಪತ್ ಸಿಂಗನು ಅಲ್ಲಿ ಬಿದ್ದನು, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟವನ್ನೇರಿ ಫಿರಂಗಿಗಳನ್ನು ಹಿಡಿದರು, ಪಟ್ಟಣವು ವಶವಾಯಿತು. ದೆಹಲಿಯ ತೀನ್ ಮೂರ್ತಿಯ ಮೂವರು ಸವಾರರಲ್ಲಿ ಒಬ್ಬನು ನಮ್ಮ ಮೈಸೂರಿನವನು. ಬೆಂಗಳೂರಿನ ಸ್ಮಾರಕವು ಮಡಿದವರ ಹೆಸರುಗಳನ್ನು ಹೊತ್ತು ನಿಂತಿದೆ. ಅಲ್ಲಿ ಪ್ರತಿವರ್ಷ ಹೈಫಾ ದಿನವನ್ನು ಆಚರಿಸುವುದುಂಟು. ಅದು ದೇಶೀಯ ಸಂಸ್ಥಾನದ ಪಡೆ. ಅವರ ಹೆಸರು ಉಳಿಯಿತು. ವಾಚಕರು ಈ ಭೇದವನ್ನು ಗಮನಿಸಬೇಕು.

ಒಂದು ಆಕ್ಷೇಪ

ರಾಷ್ಟ್ರಾಭಿಮಾನಿಗಳಲ್ಲಿ ಕೆಲವರು ಇಲ್ಲಿ ನಮ್ಮನ್ನು ತಡೆದು ಕೇಳಬಹುದು: ‘ಪರಸರ್ಕಾರದ ಕೂಲಿಗಾಗಿ, ಅದರ ಸಾಮ್ರಾಜ್ಯವನ್ನು ಬೆಳೆಸುವುದಕ್ಕಾಗಿ ಸತ್ತವರನ್ನು ನಾವೇಕೆ ನೆನೆಯಬೇಕು? 1791ರಲ್ಲಿ ಕಾರ್ನ್‌ವಾಲಿಸನ ಕಡೆ ನಿಂತು ಈ ಕೋಟೆಯನ್ನೇರಿದ ಸಿಪಾಯಿಯೂ ಭಾರತೀಯನೇ. ಅವನಿಗೂ ಕಲ್ಲು ನೆಡೋಣವೆ?’

ಪ್ರಶ್ನೆಯು ಸಣ್ಣದಲ್ಲ. ನಮ್ಮ ಅಭಿಪ್ರಾಯವಿದು. ಯುದ್ಧದ ಉದ್ದೇಶವು ಒಡೆಯನದು, ಸಾವು ಆಳಿನದು. ಉದ್ದೇಶವನ್ನು ಕೊಂಡಾಡಬೇಕಾಗಿಲ್ಲ, ಸಾವನ್ನು ಮರೆಯಬೇಕಾಗಿಯೂ ಇಲ್ಲ. ಸಾಮ್ರಾಜ್ಯಕ್ಕೆ ವಿಜಯಸ್ತಂಭ ಬೇಡ. ಬಸ್ರಾದ ಮರಳಿನಲ್ಲಿ ಹೂತುಹೋದ ರೈತನ ಮಗನಿಗೆ ಒಂದು ಹೆಸರು ಬೇಕು. ಅವನನ್ನು ಆ ಮರಳಿಗೆ ಕಳುಹಿಸಿದ್ದು ದೇಶದ್ರೋಹವಲ್ಲ, ದೇಶದ ಬಡತನ. ಅವನನ್ನು ಹೆಸರಿಲ್ಲದ ಸಂಖ್ಯೆಯನ್ನಾಗಿ ಮಾಡಿದ್ದು ಆಳಿದವರ ತಿರಸ್ಕಾರ. ಸ್ವತಂತ್ರರಾದ ಮೇಲೂ ನಾವು ಅವನನ್ನು ಸಂಖ್ಯೆಯಾಗಿಯೇ ಬಿಟ್ಟರೆ, ಆಳಿದವರ ತಿರಸ್ಕಾರವನ್ನು ನಾವೂ ಒಪ್ಪಿದಂತಾಯಿತು.

ಸ್ವತಂತ್ರ ಭಾರತವು ಈ ಋಣವನ್ನು ಅರಿಯದೆ ಇಲ್ಲ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಪ್ರಾಣತೆತ್ತ ಯೋಧರ ಹೆಸರುಗಳನ್ನು ಕಲ್ಲುಫಲಕಗಳಲ್ಲಿ ಕೆತ್ತಿ, ನಡುವೆ ಆಕಾಶಕ್ಕೆ ನಿಲುಕುವಂತೆ ಒಂದು ಮಹಾಶಿಲೆಯನ್ನು ನಿಲ್ಲಿಸಿದ್ದಾರೆ. ಅದಕ್ಕೆ ಕೊಟ್ಟಿರುವ ಹೆಸರು ‘ವೀರಗಲ್ಲು’. ಕಿತ್ತಯ್ಯನಿಂದ ಇಂದಿನವರೆಗೆ ಎಳೆ ತುಂಡಾಗಿಲ್ಲ. ನಡುವೆ ಒಂದು ಭಾಗ ಮಾತ್ರ ಬರಿದಾಗಿದೆ. ಅದನ್ನು ತುಂಬುವುದು ನಮ್ಮ ಪಾಲಿನ ಕೆಲಸ.

ಆಗಬೇಕಾದುದು

ಪರ್ಯಟನ ನಡೆಸುವವರಿಗೂ ಸರ್ಕಾರದ ಪ್ರವಾಸೋದ್ಯಮ ಇಲಾಖೆಯವರಿಗೂ ನಗರ ಪಾಲಿಕೆಗಳವರಿಗೂ ನಾವು ನಾಲ್ಕು ಮಾತುಗಳನ್ನು ವಿಜ್ಞಾಪಿಸುತ್ತೇವೆ.

ಮೊದಲನೆಯದಾಗಿ, ದಿನದ ಪರ್ಯಟನವು ಬೇಗೂರಿನಲ್ಲಿ ಆರಂಭವಾಗಲಿ. ಊರಿನ ಹೆಸರು ಹುಟ್ಟಿದ ಕಲ್ಲನ್ನು ಕಾಣದೆ ಊರನ್ನು ಕಂಡೆನೆನ್ನುವುದು ಮೂಲಮೂರ್ತಿಯನ್ನು ಬಿಟ್ಟು ಗೋಪುರಕ್ಕೆ ಕೈಮುಗಿದಂತೆ. ಅಲ್ಲಿಂದ ಕೋಟೆ, ಮೈಸೂರು ಬ್ಯಾಂಕ್ ವೃತ್ತ, ಬ್ರಿಗೇಡ್ ರಸ್ತೆ, ಮುನಿರೆಡ್ಡಿಪಾಳ್ಯಗಳನ್ನು ಹಾಯ್ದು ಹೆಬ್ಬಾಳದ ಕಿತ್ತಯ್ಯನ ಕಲ್ಲಿನ ಬಳಿ ಸಂಜೆಗೆ ಮುಗಿಯಲಿ. ಒಂದು ಹಗಲಿಗೆ ಇದು ಹೆಚ್ಚಲ್ಲ.

ಎರಡನೆಯದಾಗಿ, ಪ್ರತಿಯೊಂದು ಸ್ಥಳದಲ್ಲಿಯೂ ಕನ್ನಡದ ಫಲಕವಿರಲಿ. ಕೋಟೆಯ ಬಿರುಕಿನ ಮೇಲೆ ಗೆದ್ದವನ ಮಾತು ಗೆದ್ದವನ ಭಾಷೆಯಲ್ಲಿದೆ. ಅದನ್ನು ಕೀಳುವುದು ಬೇಡ. ಅದರ ಪಕ್ಕದಲ್ಲಿ ಕಾಯ್ದವರ ಮಾತು ಕಾಯ್ದವರ ಭಾಷೆಯಲ್ಲಿ ಬರಲಿ.

ಮೂರನೆಯದಾಗಿ, ಇನ್ನೂ ಹೊಲಗದ್ದೆಗಳ ಅಂಚಿನಲ್ಲಿ, ಬಡಾವಣೆಗಳ ಚರಂಡಿಯ ಪಕ್ಕದಲ್ಲಿ ಉಳಿದಿರುವ ವೀರಗಲ್ಲುಗಳನ್ನು ಕಾಯಬೇಕು. ಶತಮಾನದ ಹಿಂದೆ ರೈಸ್ ಸಾಹೇಬರು ಪಟ್ಟಿ ಮಾಡಿದ ಶಾಸನಗಳಲ್ಲಿ ಅನೇಕವು ಈಗ ಸ್ಥಳದಲ್ಲಿಲ್ಲ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು ಉಳಿದ ಕಲ್ಲುಗಳನ್ನು ಹುಡುಕಿ, ಯಂತ್ರದ ಸಹಾಯದಿಂದ ಅವುಗಳ ಪ್ರತಿರೂಪವನ್ನು ಮೂರು ಆಯಾಮಗಳಲ್ಲಿ ಸಂಗ್ರಹಿಸುತ್ತಿರುವುದು ಶ್ಲಾಘ್ಯವಾದ ಕೆಲಸ. ಆದರೆ ಪ್ರತಿರೂಪವಿದೆಯೆಂದು ಮೂಲವನ್ನು ಅಡಿಗಲ್ಲಿಗೆ ಹಾಕಿಕೊಳ್ಳುವಂತಾಗಬಾರದು. ಕಾಮಗಾರಿಯ ಕಂತ್ರಾಟುದಾರರಿಗೂ ಇಂಜಿನಿಯರುಗಳಿಗೂ ಈ ಬಗ್ಗೆ ಸ್ಪಷ್ಟವಾದ ಆಜ್ಞೆ ಹೋಗತಕ್ಕದ್ದು.

ನಾಲ್ಕನೆಯದಾಗಿ, ಶಾಲೆಯ ಮಕ್ಕಳನ್ನು ವರ್ಷಕ್ಕೊಂದು ದಿನ ಈ ದಾರಿಯಲ್ಲಿ ನಡೆಸಿ, ತಮ್ಮ ತಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಯುದ್ಧಕ್ಕೆ ಹೋಗಿ ಮರಳದಿದ್ದರೆ ಆ ಹೆಸರನ್ನು ಬರೆಸಿಕೊಳ್ಳಬೇಕು. ಅಜ್ಜಿಯರ ನೆನಪಿನಲ್ಲಿರುವ ಪಟ್ಟಿಗಳಿಗೆ ಗೆದ್ದಲು ಬೇಗ ಹತ್ತುತ್ತದೆ.

ಮರಳುವಾಗ

ಸಂಜೆ ಆ ವೃದ್ಧರೂ ನಾವೂ ಒಂದೇ ರೈಲಿನಲ್ಲಿ ಮರಳಿದೆವು. ಅವರೂ ಕನಕಪುರದ ದಾರಿಯವರೇ. ತಲಘಟ್ಟಪುರದಲ್ಲಿ ರೇಷ್ಮೆ ಸಂಶೋಧನಾ ಸಂಸ್ಥೆ ಇರುವುದು ಎಲ್ಲರಿಗೂ ತಿಳಿದದ್ದು. ಅದರಿಂದಲೇ ಮೆಟ್ರೋದ ಕೊನೆಯ ನಿಲ್ದಾಣಕ್ಕೆ ಆ ಹೆಸರು ಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದಾಗ, ಆಕಾಶದಿಂದಿಳಿಯುವ ಸೈನಿಕರ ಕೊಡೆಗಳಿಗೆ ಮೈಸೂರಿನ ರೇಷ್ಮೆಗೆ ಬೇಡಿಕೆ ಬಂದಿತು. ಈ ಸೀಮೆಯ ಗೂಡಿಗೆ ಎಂದೂ ಕಾಣದ ಬೆಲೆ ಬಂದಿತು. “ನಮ್ಮಪ್ಪ ಆ ದುಡ್ಡಿನಲ್ಲಿಯೇ ಮನೆಗೆ ಹೆಂಚು ಹೊದಿಸಿದ್ದು” ಎಂದರು ವೃದ್ಧರು. ಒಂದು ಯುದ್ಧವು ಮನೆಯ ಮಗನನ್ನು ಒಯ್ದಿತು. ಇನ್ನೊಂದು ಯುದ್ಧವು ಅದೇ ಮನೆಗೆ ಹೆಂಚು ಕೊಟ್ಟಿತು. ಯುದ್ಧಸ್ಥಳವೆಂಬುದು ಕೋಟೆಯಲ್ಲಿ ಮಾತ್ರ ಇರುವುದಲ್ಲ.

ನಿಲ್ದಾಣದಲ್ಲಿ ಇಳಿದಾಗ ಅವರ ತಾತನ ಅಣ್ಣನ ಹೆಸರನ್ನು ಕೇಳಿ, ನಮ್ಮ ಪುಸ್ತಕದಲ್ಲಿ ಬರೆದುಕೊಂಡೆವು. ಅವರು ಅಕ್ಷರಗಳನ್ನು ಒಂದೊಂದಾಗಿ ಹೇಳಿಸಿ ಸರಿಯಾಗಿದೆಯೆಂದು ನೋಡಿದರು. ಅನಂತರ ವಲ್ಲಿಯನ್ನು ಹೆಗಲಿಗೆ ಸರಿಮಾಡಿಕೊಂಡು, “ಈಗ ಇಬ್ಬರಿಗೆ ಗೊತ್ತಾಯಿತಲ್ಲ, ಸಾಕು ಸ್ವಾಮಿ” ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಅವರ ಮಟ್ಟಿಗೆ ಅಷ್ಟು ಸಾಕಾದೀತು. ಬೆಂಗಳೂರಿಗೆ ಅದು ಸಾಲದು.